ಹೂಪರ್ ಬಾಲ್ಡ್ ಬುಡದಲ್ಲಿ ಒಂದು ಮಧ್ಯಾಹ್ನ

ಅಮೆರಿಕದಲ್ಲಿ ಕಾರು ಓಡಿಸುವ ಹುಚ್ಚಿರುವವರು ಒಮ್ಮೆಯಾದರೂ ಹೋಗಿಬರಬೇಕು ಎನ್ನುವ ರಸ್ತೆಯೊಂದಿದೆ. ನಾರ್ತ್ ಕ್ಯಾರೊಲಿನಾ ಮತ್ತು ಟೆನೆಸಿ ರಾಜ್ಯಗಳ ಗಡಿಯಲ್ಲಿರುವ ಡೀಲ್ಸ್ ಗ್ಯಾಪ್‌ನಿಂದ ಹೊರಡುವ ಅದರ ಹೆಸರು ಟೇಲ್ ಆಫ್ ದ ಡ್ರ್ಯಾಗನ್. 11 ಮೈಲಿಗೆ 318 ತಿರುವುಗಳು. 2023ರ ಅಕ್ಟೋಬರಿನಲ್ಲಿ ಅಟ್ಲಾಂಟಾದಿಂದ ನಾವು ಹೊರಟದ್ದು ಅದಕ್ಕಾಗಿಯೇ. ಆದರೆ ಆ ರಸ್ತೆಯ ಬಗ್ಗೆ ಬರೆಯಲು ನನ್ನ ಬಳಿ ಒಂದು ಪುಟವೂ ಇಲ್ಲ. ಬರೆಯಬೇಕು ಅನ್ನಿಸಿದ್ದು ಮರುದಿನ ಇನ್ನೊಂದು ಬೆಟ್ಟದ ಮೇಲೆ ಟೈರ್ ಹರಿದು ಕೂತಾಗ ನಡೆದ ಮಾತುಕತೆಯನ್ನು.

ಮೊದಲು ಕಾರಿನ ಮಾತು. ನನ್ನದು ಮಾಜ್ದಾ ಮಿಯಾಟ, 2019ರ ಮಾದರಿ. ಎರಡೇ ಸೀಟು, ಕ್ಯಾನ್ವಾಸ್ ಛಾವಣಿ, ಆರು ಗೇರು, 181 ಅಶ್ವಶಕ್ತಿ. ಈ ದೇಶದಲ್ಲಿ ಅದೇನೂ ಹೆಚ್ಚಲ್ಲ, ಮಕ್ಕಳನ್ನು ಶಾಲೆಗೆ ಬಿಡುವ ಎಸ್‌ಯುವಿಗಳಿಗೂ ಇದಕ್ಕಿಂತ ಶಕ್ತಿ ಇರುತ್ತದೆ. ಗುಟ್ಟಿರುವುದು ತೂಕದಲ್ಲಿ. ಇಡೀ ಕಾರು ತೂಗುವುದು ಸುಮಾರು 1,060 ಕಿಲೋ. ಬಾನೆಟ್, ಡಿಕ್ಕಿಯ ಮುಚ್ಚಳ ಎಲ್ಲ ಅಲ್ಯೂಮಿನಿಯಂ. 1989ರಲ್ಲಿ ಷಿಕಾಗೊ ಮೋಟಾರು ಮೇಳದಲ್ಲಿ ಮೊದಲ ಮಿಯಾಟ ಕಾಣಿಸಿಕೊಂಡಾಗ, ಅರವತ್ತರ ದಶಕದ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಾದ ಲೋಟಸ್ ಎಲಾನ್, ಎಂಜಿಗಳ ಸುಖವನ್ನು ಅವುಗಳ ರಗಳೆ ಇಲ್ಲದೆ ಕೊಟ್ಟಿತು ಎಂದೇ ಜನ ಅದಕ್ಕೆ ಮುಗಿಬಿದ್ದದ್ದು. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಕಾರು ಹೊರಬಂತು. ಭಾರತದಲ್ಲಿ ಮಾತ್ರ ಇದು ಸಿಗುವುದಿಲ್ಲ.

ನನಗೆ ಹಗುರ ಕಾರಿನ ರುಚಿ ಹತ್ತಿಸಿದವರು ಚಿಕ್ಕಪ್ಪ. ಅವರ ಮಾರುತಿ 800ರ ತೂಕ 650 ಕಿಲೋ ಆಸುಪಾಸು. ಆಗುಂಬೆ ಘಾಟಿಯ ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ಅವರು ಬ್ರೇಕ್ ಒತ್ತುತ್ತಿದ್ದದ್ದೇ ಅಪರೂಪ. ಸ್ಟೀರಿಂಗ್ ಹಿಡಿದ ಕೈಗೆ ಚಕ್ರದಡಿಯ ಜಲ್ಲಿ ಗೊತ್ತಾಗಬೇಕು ಎನ್ನುತ್ತಿದ್ದರು. ಎರಡು ಟನ್ ತೂಕವನ್ನು ಐನೂರು ಅಶ್ವಶಕ್ತಿಯಿಂದ ಎಳೆಸಿ ಅದನ್ನು ಕ್ರೀಡೆ ಎಂದು ಕರೆಯುವವರ ಬಗ್ಗೆ ನನಗೆ ಇವತ್ತಿಗೂ ಗೌರವ ಹುಟ್ಟಿಲ್ಲ.

ಹಗುರತನಕ್ಕೆ ತೆರಬೇಕಾದ ಬೆಲೆಯೂ ಇದೆ. ಡಿಕ್ಕಿಯಲ್ಲಿ ಹಿಡಿಸುವುದು 130 ಲೀಟರ್, ಎರಡು ಸಣ್ಣ ಚೀಲ ಇಟ್ಟರೆ ಮುಗಿಯಿತು. ಡ್ಯಾಶ್‌ಬೋರ್ಡಿನಲ್ಲಿ ಎಲ್ಲ ಕಾರುಗಳಿಗೂ ಇರುವ ಗ್ಲೋವ್ ಬಾಕ್ಸ್ ಇದಕ್ಕಿಲ್ಲ. ಸೀಟುಗಳ ನಡುವೆ ಹಿಂಬದಿಗೊಂದು ಪುಟ್ಟ ಗೂಡಿದೆ, ಕಾಗದಪತ್ರ ಅಲ್ಲೇ ಇಡಬೇಕು. ಬದಲಿ ಚಕ್ರವಂತೂ ಇಲ್ಲವೇ ಇಲ್ಲ. ಅದರ ಬದಲು ಅಂಟುದ್ರವದ ಬಾಟಲಿ, ಗಾಳಿ ತುಂಬುವ ಪುಟ್ಟ ಯಂತ್ರ.

ಪಕ್ಕದ ಸೀಟಿನಲ್ಲಿದ್ದವನು ವಿರಾಜಪೇಟೆ ಕಡೆಯ ಕೊಡವ ಗೆಳೆಯ. ಆರಡಿ ಎತ್ತರ. ಛಾವಣಿ ಮುಚ್ಚಿದರೆ ತಲೆ ತಾಗುತ್ತದೆ ಎಂದು ಚಳಿಯಲ್ಲೂ ತೆರೆದುಕೊಂಡೇ ಹೋದೆವು.

ಡ್ರ್ಯಾಗನ್ ರಸ್ತೆ ಚೆನ್ನಾಗಿದೆ, ಜನ ಹೆಚ್ಚು. ವೇಗದ ಮಿತಿ ಗಂಟೆಗೆ 30 ಮೈಲಿ. ಮುಂದೆ ಅಂಜುತ್ತ ಹೋಗುವ ಬಾಡಿಗೆ ಕಾರು, ಹಿಂದೆ ಅಸಹನೆಯ ಮೋಟಾರ್‌ಸೈಕಲ್ಲುಗಳು. ತಿರುವುಗಳಲ್ಲಿ ಛಾಯಾಗ್ರಾಹಕರು ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ, ಸಂಜೆ ನಮ್ಮ ಚಿತ್ರವನ್ನು ನಮಗೇ ಮಾರುತ್ತಾರೆ. ಡೀಲ್ಸ್ ಗ್ಯಾಪ್‌ನಲ್ಲಿ ಅಪಘಾತವಾದ ಬೈಕುಗಳ ಬಿಡಿಭಾಗಗಳನ್ನು ಮರವೊಂದಕ್ಕೆ ನೇತುಹಾಕಿದ್ದಾರೆ. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರ ಸಾಲು ನನಗೆ ಹಿಡಿಸಲಿಲ್ಲ. ದಾರಿಬದಿಯಲ್ಲಿ ದೊಡ್ಡ ಹಂಡೆಯಲ್ಲಿ ಬೇಯಿಸಿ ಮಾರುತ್ತಿದ್ದ ಕಡಲೆಕಾಯಿ ಮಾತ್ರ ಬಹಳ ಹಿಡಿಸಿತು. ಅಮೆರಿಕದ ದಕ್ಷಿಣದವರು ನಮ್ಮ ಹಾಗೆಯೇ ಸಿಪ್ಪೆ ಸಮೇತ ಉಪ್ಪು ಹಾಕಿ ಬೇಯಿಸುತ್ತಾರೆ. ಖಾರದ ಮಸಾಲೆ ಹಾಕಿದ್ದೂ ಸಿಗುತ್ತದೆ. ಅದನ್ನು ಕೊಳ್ಳಬೇಡಿ.

ಸಂಜೆ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದ ಮಾಹಿತಿ ಕೇಂದ್ರದ ಬಾಗಿಲಲ್ಲಿ ಬಂದೂಕು ನಿಷೇಧದ ಫಲಕ ಕಂಡಿತು. ‘ಒಳಗೆ ತರಬಾರದು ಎಂದರೆ ಹೊರಗೆ ತರಬಹುದು ಎಂದೇ?’ ಎಂದು ಗೆಳೆಯ ಕೇಳಿದ. ಹೌದು. 2010ರ ಫೆಬ್ರುವರಿಯಿಂದ ಇಲ್ಲಿನ ರಾಷ್ಟ್ರೀಯ ಉದ್ಯಾನಗಳಿಗೆ ಆಯಾ ರಾಜ್ಯದ ಕಾನೂನಿನಂತೆ ಬಂದೂಕು ತರಬಹುದು, ಕೇಂದ್ರ ಸರ್ಕಾರದ ಕಟ್ಟಡಗಳೊಳಗೆ ಮಾತ್ರ ಕೂಡದು. ಆ ಅನುಮತಿ ಬಂದದ್ದು ಕ್ರೆಡಿಟ್ ಕಾರ್ಡ್ ಸುಧಾರಣೆಯ ಮಸೂದೆಯ ಬಾಲಕ್ಕೆ ಕಟ್ಟಿಸಿಕೊಂಡು. ಗೆಳೆಯ ನಂಬಲಿಲ್ಲ, ಮೊಬೈಲಿನಲ್ಲಿ ತೋರಿಸಬೇಕಾಯಿತು.

ಮರುದಿನ ಟೆನೆಸಿಯ ಟೆಲಿಕೊ ಪ್ಲೇನ್ಸ್ ಊರಿನಿಂದ ಚೆರೊಹಾಲ ಸ್ಕೈವೇ ಎಂಬ ಬೆಟ್ಟದ ರಸ್ತೆ ಹಿಡಿದೆವು. ನನ್ನನ್ನು ಕೇಳಿದರೆ ಡ್ರ್ಯಾಗನ್ ಬಿಟ್ಟು ಇಲ್ಲಿಗೇ ಬನ್ನಿ ಎನ್ನುತ್ತೇನೆ. ಮೂವತ್ತಕ್ಕೂ ಹೆಚ್ಚು ವರ್ಷ ಎಳೆದಾಡಿ, ಸುಮಾರು ಹತ್ತು ಕೋಟಿ ಡಾಲರ್ ಖರ್ಚು ಮಾಡಿ, 1996ರಲ್ಲಿ ತೆರೆದ ಮಾರ್ಗ. 43 ಮೈಲಿಯುದ್ದಕ್ಕೂ ಅಂಗಡಿಯಿಲ್ಲ, ಪೆಟ್ರೋಲ್ ಬಂಕ್ ಇಲ್ಲ, ಮನೆಯೂ ಇಲ್ಲ. ಐದು ಸಾವಿರ ಅಡಿ ದಾಟಿದ ಮೇಲೆ ಎರಡೂ ಕಡೆ ಕೆಂಪು, ಹಳದಿ ಕಾಡು. ತಿರುವುಗಳು ಉದ್ದುದ್ದ, ಮೂರನೆಯ ಗೇರಿನಲ್ಲಿ ಎಂಜಿನ್ 6,000 ಸುತ್ತು ದಾಟಿ ಹಾಡುತ್ತಿತ್ತು. ಹೂಪರ್ ಬಾಲ್ಡ್ ಎಂಬ ಬೋಳು ಗುಡ್ಡದ ಹತ್ತಿರ, ಮೇಲಿನಿಂದ ಉರುಳಿಬಂದ ಕಲ್ಲೊಂದು ತಿರುವಿನಾಚೆ ಬಿದ್ದಿತ್ತು. ಎದುರಿನಿಂದ ವಾಹನ ಬರುತ್ತಿದ್ದುದರಿಂದ ಸರಿಯಲು ಜಾಗವಿರಲಿಲ್ಲ. ಎಡ ಮುಂಚಕ್ರದ ಟೈರಿನ ಪಕ್ಕ ಬೆರಳು ತೂರುವಷ್ಟು ಸೀಳಿತು. ಅಂಟುದ್ರವ ಮುಚ್ಚುವುದು ಮೊಳೆಯ ತೂತನ್ನು, ಸೀಳನ್ನಲ್ಲ.

ಆಮೇಲಿನದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಅಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಹಿಂದೆ ಬಂದ ಪಿಕಪ್ಪಿನ ಹಿರಿಯರೊಬ್ಬರು ನಿಲ್ಲಿಸಿ, ನನ್ನನ್ನು ಸಿಗ್ನಲ್ ಸಿಗುವ ದಿಬ್ಬಕ್ಕೆ ಕರೆದೊಯ್ದರು. ವಿಮೆಯ ಸಹಾಯವಾಣಿಯ ಹುಡುಗಿಗೆ ನನ್ನ ಹತ್ತಿರದ ಅಡ್ಡರಸ್ತೆ ಯಾವುದು ಎಂದು ತಿಳಿಯಬೇಕಿತ್ತು. ಅಡ್ಡರಸ್ತೆಯೇ ಇಲ್ಲ ಎಂದರೆ ಆಕೆಯ ಕಂಪ್ಯೂಟರ್ ಮುಂದಕ್ಕೆ ಹೋಗದು. ಮೂರು ಸಲ ನನ್ನನ್ನು ಸಂಗೀತ ಕೇಳಲು ಬಿಟ್ಟು ಹೋದಳು. ಇಂಥ ಕಡೆ ಹೋಗುವವರು ಮೈಲಿಗಲ್ಲಿನ ಸಂಖ್ಯೆಯನ್ನು ಆಗಾಗ ಗಮನಿಸುತ್ತಿರಿ. ಹಗುರ ಕಾರು ನೆಲಕ್ಕೆ ಹತ್ತಿರವಿರುವುದರಿಂದ, ಕೊಕ್ಕೆ ಹಾಕಿ ಮುಂಭಾಗ ಎತ್ತಿ ಎಳೆಯುವ ಲಾರಿ ಬೇಡ, ಪೂರ್ತಿ ಹೊತ್ತೊಯ್ಯುವ ಚಪ್ಪಟೆ ಲಾರಿಯೇ ಬೇಕು ಎಂದು ಪಟ್ಟುಹಿಡಿಯಿರಿ. ನನಗೆ ಎರಡು ತಾಸು ಎಂದರು. ಬಂದದ್ದು ಸೂರ್ಯ ಮುಳುಗುವ ಹೊತ್ತಿಗೆ.

ಹಿರಿಯರು ಹೊರಡಲಿಲ್ಲ. ನಮ್ಮಿಬ್ಬರನ್ನೇ ಬಿಟ್ಟುಹೋಗಲು ಮನಸ್ಸಾಗಲಿಲ್ಲವೋ, ಕಾರು ನೋಡುವ ಆಸೆಯೋ. ಟೆಲಿಕೊ ಪ್ಲೇನ್ಸ್ ಕಡೆಯವರು, ಎಪ್ಪತ್ತು ದಾಟಿದ ವಯಸ್ಸು. ಚೌಕಳಿ ಅಂಗಿಯ ಕೆಳಗೆ ಸೊಂಟದಲ್ಲಿ ಪಿಸ್ತೂಲು ಅರ್ಧ ಕಾಣುತ್ತಿತ್ತು. ಹರೆಯದಲ್ಲಿ ಅವರ ಬಳಿ ಎಂಜಿಬಿ ಇತ್ತಂತೆ. ‘ಎಣ್ಣೆ ಸೋರುವುದು ನಿಂತಿತೆಂದರೆ ಎಣ್ಣೆ ಖಾಲಿಯಾಗಿದೆ ಎಂದು ತಿಳಿಯಬೇಕಿತ್ತು’ ಎಂದು ನಕ್ಕರು. ಮೊದಲ ಮಗು ಹುಟ್ಟಿದಾಗ ಮಾರಿದರು, ಆ ಹಣದಲ್ಲಿ ಬಂದದ್ದು ಪಿಕಪ್.

ನನ್ನ ಕಾರಿನೊಳಗೆ ಬಗ್ಗಿ ನೋಡಿ ಕೇಳಿದರು: ‘ಗ್ಲೋವ್ ಬಾಕ್ಸೇ ಇಲ್ಲವಲ್ಲ. ಗನ್ ಎಲ್ಲಿಡುತ್ತೀರಿ?’

ಗನ್ ಇಲ್ಲ ಎಂದೆ. ಅವರು ಕಾರಿನ ಇನ್ನೊಂದು ಕೊರತೆಯನ್ನು ಕೇಳಿದಂತೆ ತಲೆಯಾಡಿಸಿದರು.

ಮಾತು ಅಲ್ಲಿಂದ ಹೊರಟಿತು. ಟೆನೆಸಿಯಲ್ಲಿ 2021ರ ಜುಲೈಯಿಂದ ಪಿಸ್ತೂಲು ಒಯ್ಯಲು ಪರವಾನಗಿಯೇ ಬೇಡ. ಆದರೂ ಅವರು ತಮ್ಮ ಹಳೆಯ ಪರವಾನಗಿಯನ್ನು ಇಟ್ಟುಕೊಂಡಿದ್ದಾರೆ, ಏಕೆಂದರೆ ಇದೇ ರಸ್ತೆಯಲ್ಲಿ ಗಡಿ ದಾಟಿದರೆ ನಾರ್ತ್ ಕ್ಯಾರೊಲಿನಾ, ಅಲ್ಲಿ ಮರೆಯಲ್ಲಿಟ್ಟು ಒಯ್ಯಲು ಪರವಾನಗಿ ಬೇಕು. ‘ಬಂದೂಕಿನ ಹಕ್ಕು ಕೊಡುವ ಸಂವಿಧಾನದ ಎರಡನೆಯ ತಿದ್ದುಪಡಿ 1791ರಿಂದ ಇದೆ. ಬೆಟ್ಟದ ಈಚೆ ಒಂದು ಅರ್ಥ, ಆಚೆ ಇನ್ನೊಂದು ಅರ್ಥ ಹೇಗಾಗುತ್ತದೆ?’ ಎಂದರು. ನಿಮ್ಮ ದೇಶದಲ್ಲಿ ಯಾರಿಗೂ ಬಂದೂಕು ಕೊಡುವುದಿಲ್ಲ ಅಲ್ಲವೇ ಎಂದೂ ಕೇಳಿದರು.

ಗೆಳೆಯ ಅಲ್ಲಿಯವರೆಗೆ ಕಡಲೆಕಾಯಿ ಸುಲಿಯುತ್ತ ಸುಮ್ಮನಿದ್ದ. ‘ನಮ್ಮ ಮನೆಯ ಕೋವಿಗೆ ಲೈಸೆನ್ಸ್ ಬೇಕಾಗಿಲ್ಲ’ ಎಂದ.

ಹಿರಿಯರು ನನ್ನತ್ತ ನೋಡಿದರು. ನಿಜ ಎಂದೆ. ಕೊಡವರಿಗೂ ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇದೆ, ಬ್ರಿಟಿಷರ ಕಾಲದಿಂದ ಬಂದದ್ದು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ನಮ್ಮ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು, ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಗೆಳೆಯ ಕೈಲ್‌ಪೊಳ್ದ್ ಹಬ್ಬದ ವಿಷಯ ಹೇಳಿದ. ಕನ್ನಿಕೋಂಬರೆ ಎಂಬ ದೇವರ ಕೋಣೆಯಲ್ಲಿ ಕೋವಿಯಿಟ್ಟು, ತೋಕ್ ಪೂ ಎಂಬ ಕೋವಿ ಹೂ ಮುಡಿಸಿ ಪೂಜೆ ಮಾಡುವುದು, ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಹೊಡೆಯುವುದು. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ‘ಈಡು ಕೇಳಿದ ಊರಿನವರು ಕೆಲಸ ಬಿಟ್ಟು ಬರುತ್ತಾರೆ’ ಎಂದ. ಹಿರಿಯರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳುತ್ತಿದ್ದರು.

‘ನಿಮ್ಮದು?’ ಎಂದು ನನ್ನನ್ನು ಕೇಳಿದರು. ನಾನು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವನು. ನಮ್ಮ ಮನೆಯಲ್ಲಿರುವುದು ಒಂಟಿ ನಳಿಗೆಯ ಕೋವಿ, ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದದ್ದು. ಚುನಾವಣೆ ಬಂತೆಂದರೆ ಅದನ್ನು ಪೊಲೀಸ್ ಠಾಣೆಯಲ್ಲಿ ಒಪ್ಪಿಸಬೇಕು. ಆ ವರ್ಷ ಮೇ ತಿಂಗಳಲ್ಲಿ ವಿಧಾನಸಭೆಗೆ ಮತದಾನ. ಅಪ್ಪ ಕೋವಿಯನ್ನು ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಹೋಗಿ ಕೊಟ್ಟು, ರಸೀದಿ ತಂದರು. ಮಂಗಗಳಿಗೆ, ಹಂದಿಗಳಿಗೆ ನೀತಿಸಂಹಿತೆ ಇಲ್ಲವಲ್ಲ ಎಂದು ಫೋನಿನಲ್ಲಿ ಬೈದರು.

‘ಮತ ಹಾಕುವುದಕ್ಕಾಗಿ ಗನ್ ಒಪ್ಪಿಸಿದರೆ?’ ಹಿರಿಯರು ಇದನ್ನು ಎರಡು ಸಲ ಕೇಳಿದರು. ಅವರಿಗೆ ಅದು ಹಬ್ಬದ ದಿನ ಮನೆಯ ಬಾಗಿಲು ಕಳಚಿ ಕೊಟ್ಟಂತೆ ಕಂಡಿರಬೇಕು. ನನಗೋ ಅದು ಬರೀ ಕಿರಿಕಿರಿ, ಅನ್ಯಾಯ ಅಂತೂ ಅಲ್ಲ. ಚುನಾವಣೆಯ ಹೊತ್ತಿಗೆ ಊರಿನಲ್ಲಿ ಕೋವಿಗಳಿಲ್ಲದಿರುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ ಹೇಳಿದೆ. ಅವರು ಒಪ್ಪಲಿಲ್ಲ, ದನಿಯನ್ನೂ ಏರಿಸಲಿಲ್ಲ.

ಹಂದಿಯ ಹೆಸರು ಬಂದದ್ದೇ ತಡ, ನಾವು ನಿಂತಿದ್ದ ಗುಡ್ಡದತ್ತ ಕೈ ಮಾಡಿದರು. ಈ ಸೀಮೆಗೆ ಕಾಡುಹಂದಿ ಬಂದದ್ದೇ ಇಲ್ಲಿಂದ. 1912ರಲ್ಲಿ ಹೂಪರ್ ಬಾಲ್ಡ್ ಮೇಲೆ ಸಿರಿವಂತರ ಬೇಟೆಗೆಂದು ಬೇಲಿ ಕಟ್ಟಿ ಯುರೋಪಿನ ಹಂದಿಗಳನ್ನು ತಂದು ಬಿಟ್ಟರು. ಕೆಲವು ವರ್ಷಗಳಲ್ಲಿ ಅವು ಬೇಲಿ ದಾಟಿದವು. ಈಗ ಸ್ಮೋಕಿ ಬೆಟ್ಟಗಳ ತನಕ ನೆಲ ಉತ್ತು ಹಾಕುತ್ತವೆ. ಮೂವರಿಗೂ ಪರಿಚಿತ ಪ್ರಾಣಿ ಸಿಕ್ಕಿತು. ಅಪ್ಪ ಗದ್ದೆಯಂಚಿನಲ್ಲಿ ರಾತ್ರಿ ಕಾಯುವುದನ್ನು ನಾನು ಹೇಳಿದೆ. ಗೆಳೆಯ ಕಾಚಂಪುಳಿ ಎಂಬ ಕೊಡಗಿನ ಕಪ್ಪು ಹುಳಿ ಹಾಕಿದ ಪಂದಿ ಕರಿಯ, ಅಂದರೆ ಹಂದಿ ಮಾಂಸದ ಸಾರಿನ ವಿವರ ಶುರುಮಾಡಿದ, ಮುಗಿಸಲು ಬಹಳ ಹೊತ್ತು ಹಿಡಿಯಿತು.

‘ಬನ್ನಿ, ನನ್ನ ಜಮೀನಿನಲ್ಲಿ ಹೊಡೆಯೋಣ’ ಎಂದರು ಹಿರಿಯರು. ಅಲ್ಲಿ ಕಾನೂನು ಅಡ್ಡ ಬಂತು. ಗೆಳೆಯ ಎಚ್-1ಬಿ ವೀಸಾದವನು. ವಲಸೆಯೇತರ ವೀಸಾದವರು ಇಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಆದರೆ ಬೇಟೆಯ ಪರವಾನಗಿ ಪಡೆದಿದ್ದರೆ ವಿನಾಯಿತಿ ಉಂಟು. ಗೆಳೆಯ ಜೋರಾಗಿ ನಕ್ಕ: ‘ಊರಿನಲ್ಲಿ ಕೋವಿ ಇದೆ, ವನ್ಯಜೀವಿ ಕಾಯ್ದೆ ಬಂದ 1972ರಿಂದ ಬೇಟೆ ಇಲ್ಲ. ಇಲ್ಲಿ ಬೇಟೆಗೆ ಹೊರಟರೆ ಮಾತ್ರ ಕೋವಿ.’

ಬಿಸಿಲು ಇಳಿಯುತ್ತಿದ್ದಾಗ ಹಿರಿಯರು ಸ್ವಲ್ಪ ಸಂಕೋಚದಿಂದ, ಒಮ್ಮೆ ಕೂರಬಹುದೇ ಎಂದು ಕೇಳಿದರು. ಬಾಗಿಲು ತೆಗೆದೆ. ಮೊಣಕಾಲು ಹೇಗೋ ಒಳಗೆ ಹೋಯಿತು, ಸೊಂಟ ಹೋಗಲಿಲ್ಲ. ಸೀಟಿನ ಉಬ್ಬಿದ ಅಂಚಿಗೆ ಪಿಸ್ತೂಲಿನ ಚರ್ಮದ ಚೀಲ ಸಿಕ್ಕಿಕೊಂಡಿತು. ಎದ್ದು, ಪಿಕಪ್ಪಿನ ಬಳಿ ಹೋಗಿ, ಪಿಸ್ತೂಲಿನ ಮೂತಿಯನ್ನು ನೆಲದ ಕಡೆ ಹಿಡಿದು ಗುಂಡಿನ ಡಬ್ಬಿ ಕಳಚಿದರು. ಮೇಲ್ಭಾಗ ಹಿಂದಕ್ಕೆಳೆದಾಗ ಒಂದು ಗುಂಡು ಅಂಗೈಗೆ ಬಿತ್ತು. ಒಳಗೆ ಕಣ್ಣಿಟ್ಟು ನೋಡಿ, ಕಿರುಬೆರಳು ತೂರಿಸಿ ಖಾತ್ರಿ ಮಾಡಿಕೊಂಡು, ಸೀಟಿನ ಮೇಲಿಟ್ಟು ಬೀಗ ಹಾಕಿದರು. ಗೆಳೆಯ ಕಣ್ಣು ಕೀಳದೆ ನೋಡುತ್ತಿದ್ದ. ಕನ್ನಡದಲ್ಲಿ ನನಗೆ ಹೇಳಿದ: ‘ನಳಿಗೆ ನೋಡದೆ ಕೋವಿ ಕೆಳಗಿಟ್ಟರೆ ನಮ್ಮ ತಾತ ಕೆನ್ನೆಗೆ ಬಾರಿಸುತ್ತಿದ್ದರು. ಇವರಿಗೆ ಯಾರೋ ಸರಿಯಾಗಿ ಕಲಿಸಿದ್ದಾರೆ ಮಾರಾಯ. ಆದರೆ ಪೇಟೆಗೆ ಹೋಗುವಾಗಲೂ ಗುಂಡು ತುಂಬಿಕೊಂಡಿರುವುದು ಯಾಕೆ ಎಂದು ನನಗೆ ಅರ್ಥವಾಗುವುದಿಲ್ಲ.’ ಕೋವಿಯ ಮನೆಯಲ್ಲೇ ಬೆಳೆದವನು ಹೀಗೆ ಹೇಳಿದ್ದು ನನಗೆ ಅಚ್ಚರಿ.

ಅದನ್ನೇ ಇಂಗ್ಲಿಷಿನಲ್ಲಿ ಹಿರಿಯರನ್ನೂ ಕೇಳಿದ. ಅವರು ಆಗ ಸ್ಟೀರಿಂಗ್ ಹಿಡಿದು, ನಿಂತ ಕಾರಿನಲ್ಲೇ ಗೇರು ಬದಲಿಸುತ್ತಿದ್ದರು. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ. ‘ಹೆಂಡತಿಯೂ ಇದನ್ನೇ ಕೇಳುತ್ತಿದ್ದಳು’ ಎಂದರು. ಬೇರೇನೂ ಹೇಳದೆ ಕ್ಲಚ್ ಎಷ್ಟು ಹಗುರ ಎಂದು ಹೊಗಳಿದರು.

ಕೆಳಗಿನ ಊರಿನ ಅಂಗಡಿಯಲ್ಲಿ ನನ್ನ ಅಳತೆಯ ಟೈರ್ ಇರಲಿಲ್ಲ. ಅಲ್ಲಿ ಇದ್ದದ್ದೆಲ್ಲ ಪಿಕಪ್ಪುಗಳಿಗೆ ಹೊಂದುವ ಭಾರೀ ಟೈರುಗಳು. 205/45 ಆರ್17 ಆಶ್‌ವಿಲ್‌ನಿಂದ ಬರಬೇಕು, ನಾಳೆ ಮಧ್ಯಾಹ್ನ ಎಂದರು. ಒಂದು ಟೈರಿಗಾಗಿ ಒಂದು ರಾತ್ರಿಯ ಮೋಟೆಲ್ ಖರ್ಚು. ಮರುದಿನ ಅಂಗಡಿಯ ಬೆಂಚಿನಲ್ಲಿ ಕಾಯುತ್ತ ಕೂತಾಗ ಗೆಳೆಯ ಮೊಬೈಲಿನಲ್ಲಿ ಬೇಟೆ ಪರವಾನಗಿಯ ನಿಯಮಗಳನ್ನು ಒಂದೊಂದಾಗಿ ಓದುತ್ತಿದ್ದ.

‘ಹಂದಿ ಹೊಡೆದರೆ ಇದರಲ್ಲಿ ತರುವುದು ಹೇಗೆ?’ ಎಂದೆ. ‘ಡಿಕ್ಕಿಯಲ್ಲಿ ನಿನ್ನ ಚೀಲವೇ ಹಿಡಿಸುವುದಿಲ್ಲ.’

‘ಪಿಕಪ್ ಇದ್ದವರ ನಂಬರ್ ತೆಗೆದುಕೊಂಡಿದ್ದೇನೆ’ ಎಂದು ಅವನು ಮತ್ತೆ ಓದಲು ತೊಡಗಿದ.