ಡ್ರಿಪ್ ಹಾಕಿಸಿಕೊಂಡ ಪದ್ಮಿನಿ

ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿ ಕಾರಿಗೆ ಬೇಸಿಗೆಯಲ್ಲಿ ಘಾಟಿ ಅಂದರೆ ಆಗುತ್ತಿರಲಿಲ್ಲ. 1089 ಸಿಸಿ ಎಂಜಿನ್ನು, ಒಳಗೆ ಆರು ಜನ, ಡಿಕ್ಕಿ ತುಂಬ ಹಲಸಿನಕಾಯಿ. ಅರ್ಧ ಏರು ಹತ್ತುವಷ್ಟರಲ್ಲಿ ಕೆಮ್ಮಿ ನಿಂತುಬಿಡುತ್ತಿತ್ತು. ಅದರ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತೆ. ಎಂಜಿನ್ ಕಾದರೆ ಪಂಪೂ ಕಾಯುತ್ತೆ, ಒಳಗಿನ ಪೆಟ್ರೋಲು ಆವಿಯಾಗುತ್ತೆ. ಆಮೇಲೆ ಪಂಪು ಎಷ್ಟು ಬಡಿದುಕೊಂಡರೂ ಗುಳ್ಳೆಯನ್ನೇ ಹಿಂಡುತ್ತೆ, ಕಾರ್ಬುರೇಟರಿಗೆ ಪೆಟ್ರೋಲು ಹೋಗಲ್ಲ. ಒದ್ದೆ ಬಟ್ಟೆ ಸುತ್ತಿ ಕಾಯೋದು ಎಲ್ಲರಿಗೂ ಗೊತ್ತಿದ್ದ ಮದ್ದು. ಅಮೆರಿಕದಲ್ಲಿ ಹಳೇ ಕಾಲದವರು ಇದೇ ಕಾಟಕ್ಕೆ ಪೆಟ್ರೋಲ್ ಪೈಪಿಗೆ ಸಾಲಾಗಿ ಮರದ ಬಟ್ಟೆ ಕ್ಲಿಪ್ ಸಿಕ್ಕಿಸುತ್ತಿದ್ದರಂತೆ!

ಅಪ್ಪನಿಗೆ ಕಾಯೋದು ಇಷ್ಟವಿರಲಿಲ್ಲ. 1987ರ ಏಪ್ರಿಲ್‌ನಲ್ಲಿ ಧರ್ಮಸ್ಥಳಕ್ಕೆ ಹೊರಡುವ ಹಿಂದಿನ ದಿನ, ಪರಿಚಯದ ಕಾಂಪೌಂಡರ್ ಹತ್ತಿರ ಖಾಲಿ ಸಲೈನ್ ಬಾಟಲಿ, ಪೈಪು ತಂದರು. ಬಾನೆಟ್ ಒಳಗೆ ಒಂದು ಕೊಕ್ಕೆ ಹೊಡೆಸಿ ಬಾಟಲಿಯನ್ನು ತಲೆಕೆಳಗು ಮಾಡಿ ಓರೆಯಾಗಿ ನೇತು ಹಾಕಿದರು. ಗಾಳಿ ಆಡಲಿ ಅಂತ ದಪ್ಪ ಸೂಜಿಯನ್ನೂ ಚುಚ್ಚಿದರು. ಪಂಪಿಗೆ ಗೋಣಿತಟ್ಟಿನ ಪಟ್ಟಿ ಸುತ್ತಿ, ಪೈಪಿನ ತುದಿ ಅದರ ಮೇಲೆ ಇಟ್ಟರು. ಹನಿ ಜಾಸ್ತಿ ಕಮ್ಮಿ ಮಾಡುವ ಆ ಪುಟ್ಟ ಚಕ್ರ ಇರುತ್ತಲ್ಲ, ಅದನ್ನು ತಿರುಗಿಸಿ ತಿರುಗಿಸಿ ವಾಚು ನೋಡುತ್ತಾ ಹನಿ ಎಣಿಸಿದರು. ಗೋಣಿ ಒದ್ದೆಯಿದ್ದರೆ ಮಡಕೆ ತಣ್ಣಗಿದ್ದ ಹಾಗೆ ಪಂಪೂ ತಣ್ಣಗಿರುತ್ತೆ ಅಂತ ಲೆಕ್ಕ.

ಅಮ್ಮ ಇಣುಕಿ ನೋಡಿ, "ಗಾಡಿಗೆ ಬ್ರೆಡ್ಡೂ ತರ್ಲಾ?" ಅಂದರು.

ಹೋಗುವಾಗ ಇಳಿಜಾರು, ಪರೀಕ್ಷೆ ಆಗಲಿಲ್ಲ. ವಾಪಸ್ ಬರುವಾಗ ಮಧ್ಯಾಹ್ನ. ಉಜಿರೆ ದಾಟಿ ಚಾರ್ಮಾಡಿ ಏರು ಶುರುವಾಯಿತು. ಒಂದು ತಿರುವು, ಎರಡು, ಮೂರು. ಗಾಡಿ ಕೆಮ್ಮಲಿಲ್ಲ. ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ನಿಲ್ಲಿಸಿ ಕಾಣಿಕೆ ಹಾಕಿ, ಬಾಟಲಿಗೆ ನೀರು ತುಂಬಿಸಿ ಹೊರಟೆವು. ಸ್ಟೇರಿಂಗ್ ಪಕ್ಕದ ಗೇರನ್ನು ಅಪ್ಪ ಆವತ್ತು ರಾಜನ ಹಾಗೆ ಎಳೆಯುತ್ತಿದ್ದರು. "ನೋಡಿದ್ಯಾ?" ಅಂತ ಅಮ್ಮನನ್ನು ಎರಡು ಸಲ ಕೇಳಿದರು.

ಮುಂದಿನ ತಿರುವಿನಲ್ಲೇ ಗಾಡಿ ನಿಂತಿತು.

ನಾನೂ ತಮ್ಮನೂ ಹಾರಿ ಇಳಿದು ಹಿಂದಿನ ಗಾಲಿಗೆ ಕಲ್ಲು ಕೊಟ್ಟೆವು. ಘಾಟಿಯಲ್ಲಿ ಅದು ನಮ್ಮ ಖಾಯಂ ಕೆಲಸ. ಬಾನೆಟ್ ಎತ್ತಿದರೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಕುಲುಕಾಟಕ್ಕೆ ಪೈಪು ಜಾರಿ ಸೈಲೆನ್ಸರ್ ಪೈಪಿನ ಬುಡಕ್ಕೆ ತಾಗಿ ಕರಗಿತ್ತು. ಬಾಟಲಿ ಪೂರ್ತಿ ಖಾಲಿ. ಗೋಣಿತಟ್ಟು ಹಪ್ಪಳ.

ಅಷ್ಟರಲ್ಲಿ ಕೆಳಗಿನಿಂದ ಬಸ್ಸು ಬಂತು. ಡ್ರೈವರ್ ನಿಧಾನ ಮಾಡಿ, ಬಾಟಲಿ ನೋಡಿ, ಗಂಭೀರವಾಗಿ ಕೇಳಿದ: "ಪೇಶೆಂಟ್ ಹೆಂಗಿದಾರೆ ಸ್ವಾಮಿ?" ಬಸ್ಸಿಗೆ ಬಸ್ಸೇ ನಕ್ಕಿತು. ಅಮ್ಮನಂತೂ ಸೆರಗು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದರು.

ಕೊನೆಗೆ ಅಪ್ಪನ ಮಡಿಪಂಚೆಯನ್ನೇ ನೀರಲ್ಲಿ ಅದ್ದಿ ಪಂಪಿಗೆ ಸುತ್ತಿ, ಮುಕ್ಕಾಲು ಗಂಟೆ ಕೂತೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವಾಗ ಅಪ್ಪ ಮಾತಾಡಲಿಲ್ಲ. ಬಿಲ್ಲಿನ ಹಿಂದೆ ತಾಮ್ರದ ಪೈಪಿನ ಚಿತ್ರ ಬರೆಯುತ್ತಿದ್ದರು.

ಆಗೆಲ್ಲ ಹೀಗೇ. ನಮ್ಮ ಬೀದಿಯಲ್ಲೇ ಒಬ್ಬರು ಅಂಬಾಸಿಡರ್‌ಗೆ ಬೇರೆ ಗಾಡಿಯ ಡೀಸೆಲ್ ಎಂಜಿನ್ ಕೂರಿಸಿದ್ದರು, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನಮ್ಮ ಮನೆ ಪಾತ್ರೆ ನಡುಗುತ್ತಿತ್ತು. ಆಮೇಲೆ ವ್ಯಾನುಗಳಿಗೆ ಅಡುಗೆಮನೆ ಸಿಲಿಂಡರ್ ಕಟ್ಟುವವರೂ ಬಂದರು. ಅದು ಮಾತ್ರ ಶುದ್ಧ ಹುಚ್ಚು. ಅಪ್ಪನೂ ಅದರ ತಂಟೆಗೆ ಹೋಗಲಿಲ್ಲ.

ತಾಮ್ರದ ಪೈಪು ಬಂತು, ಕೆಲಸವನ್ನೂ ಮಾಡಿತು. ಎಷ್ಟೋ ವರ್ಷದ ಮೇಲೆ ಗಾಡಿ ಮಾರುವಾಗ, ಕೊಳ್ಳಲು ಬಂದವರು ಬಾನೆಟ್ ಎತ್ತಿ "ಈ ಕೊಕ್ಕೆ ಯಾತಕ್ಕೆ ಸಾರ್?" ಅಂದರು. ಅಪ್ಪ ಖುಷಿಯಿಂದ ಕನ್ನಡಕ ಸರಿಮಾಡಿಕೊಂಡು ಶುರುಮಾಡಿದರು. ಒಳಗಿಂದ ಅಮ್ಮನ ದನಿ ಬಂತು: "ರೀ, ಮೊದ್ಲು ದುಡ್ಡು ಎಣಿಸ್ಕೊಳ್ಳಿ!"