ಅಕ್ಕನ ಆಪರೇಷನ್ನಿಗೆ ನಮ್ಮ ಕೈಯಿಂದ ಎಷ್ಟು?

ತಿಂಡಿ ಮುಗಿಯುತ್ತಿದ್ದ ಹಾಗೆ ಅಕ್ಕ ಬಟ್ಟೆ ಅಂಗಡಿಯ ಒಂದು ಕವರ್ ತಂದು ಊಟದ ಟೇಬಲ್ ಮೇಲೆ ಸುರಿದಳು. ಡಾಕ್ಟರ ಚೀಟಿಗಳು, ರಕ್ತಪರೀಕ್ಷೆಯ ರಿಪೋರ್ಟುಗಳು, ಜಿಮ್ಮಿಗೆ ಕಟ್ಟಿದ ರಸೀದಿ, ಪಾಲಿಸಿಯ ಪುಸ್ತಕ, ಆಸ್ಪತ್ರೆಯವರು ಕೊಟ್ಟ ಎಸ್ಟಿಮೇಟ್. "ಇದರಲ್ಲಿ ಇನ್ಶೂರೆನ್ಸ್‌ನವರು ಎಷ್ಟು ಕೊಡ್ತಾರೆ, ನಾವೆಷ್ಟು ಹಾಕ್ಬೇಕು, ಅಷ್ಟು ಹೇಳಿಬಿಡೋ. ಅದು ಗೊತ್ತಾಗೋವರೆಗೂ ನಾನು ಡೇಟ್ ಕೊಡಲ್ಲ" ಅಂದಳು.

2024ರ ಆಗಸ್ಟ್ ತಿಂಗಳ ಎರಡನೇ ಶನಿವಾರ ಅದು. ನನಗೆ ರಜ ಇತ್ತು, ಅದಕ್ಕೇ ಬೆಳಗ್ಗೆ ಬೇಗ ಬೆಂಗಳೂರಿನಿಂದ ತುಮಕೂರಿಗೆ ಹೋಗಿದ್ದೆ. ನಾನು ಒಂದು ಕಂಪನಿಯ ಅಕೌಂಟ್ಸ್‌ನಲ್ಲಿ ಕೆಲಸ ಮಾಡುತ್ತೇನೆ, ಹಾಗಾಗಿ ಮನೆಯಲ್ಲಿ ಲೆಕ್ಕದ ವಿಷಯ ಬಂದರೆ ಎಲ್ಲರೂ ನನ್ನ ಕಡೆಗೇ ನೋಡುತ್ತಾರೆ. ಆದರೆ ಆಸ್ಪತ್ರೆ ಬಿಲ್ಲಿನ ಲೆಕ್ಕ ನಾನು ಮಾಡಿದ್ದು ಅದೇ ಮೊದಲು.

ಅಕ್ಕನಿಗೆ 46 ವರ್ಷ. ಎತ್ತರ 156 ಸೆಂಟಿಮೀಟರ್, ತೂಕ 92 ಕೆಜಿ. ಸಕ್ಕರೆ ಕಾಯಿಲೆ 12 ವರ್ಷದಿಂದ ಇದೆ, ಮಾತ್ರೆ ಇನ್ಸುಲಿನ್ ಎರಡೂ ನಡೆಯುತ್ತಿದ್ದರೂ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 9.4ಕ್ಕಿಂತ ಕೆಳಗೆ ಇಳಿದಿರಲಿಲ್ಲ. ರಾತ್ರಿ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿತ್ತು. ಬೆಂಗಳೂರಿನ ಸರ್ಜನ್ ತೂಕ ಇಳಿಸುವ ಸ್ಲೀವ್ ಆಪರೇಷನ್ ಮಾಡೋಣ ಅಂದಿದ್ದರು. ಹೊಟ್ಟೆಯ ಚೀಲದ ಮುಕ್ಕಾಲು ಭಾಗದಷ್ಟು ತೆಗೆದು, ಉಳಿದದ್ದನ್ನು ಕೊಳವೆಯ ಹಾಗೆ ಸ್ಟೇಪ್ಲರಿನಿಂದ ಮುಚ್ಚುವ ಆಪರೇಷನ್. ಅಕ್ಕ ಅದಕ್ಕೆ ಹೆದರಿರಲಿಲ್ಲ, ಅವಳ ಹೆದರಿಕೆಯೆಲ್ಲ ದುಡ್ಡಿನದು. ಮಗಳ ಕಾಲೇಜು ಫೀಸಿಗೆ ಇಟ್ಟಿದ್ದನ್ನು ಮುಟ್ಟಬಾರದು ಅಂತ.

ಹಿಂದಿನ ದಿನ ಭಾವ ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿದ್ದರು. "ಬೇರಿಯಾಟ್ರಿಕ್ ಸರ್ಜರಿ ಕವರ್ ಆಗುತ್ತೆ ಸರ್" ಅಂದರಂತೆ ಅತ್ತ ಕಡೆಯಿಂದ. ತೂಕ ಇಳಿಸುವ ಆಪರೇಷನ್ನಿಗೆ ಹಾಗನ್ನುತ್ತಾರೆ. ಭಾವನಿಗೆ ಸಮಾಧಾನವಾಗಿತ್ತು. ಆ ಮಾತು ಸುಳ್ಳೇನಲ್ಲ, ಆದರೆ ಅದರಿಂದ ನಮಗೆ ಒಂದು ರೂಪಾಯಿಯ ಲೆಕ್ಕವೂ ಸಿಗುವುದಿಲ್ಲ. ಯಾವ ಶರತ್ತಿನ ಮೇಲೆ, ಯಾವ ರೂಮಿಗೆ, ಬಿಲ್ಲಿನ ಯಾವ ಸಾಲಿಗೆ ಅಂತ ಕೇಳಬೇಕು. ಅದನ್ನೂ ಫೋನಿನಲ್ಲಿ ಅಲ್ಲ, ಇಮೇಲ್‌ನಲ್ಲಿ ಕೇಳಬೇಕು. ನಾನು ಮೊದಲು ಮಾಡಿದ್ದು ಅದನ್ನೇ, ಟೇಬಲ್ ಹತ್ತಿರ ಕೂತುಕೊಂಡೇ ಒಂದು ಇಮೇಲ್ ಕಳಿಸಿದೆ.

ಆಮೇಲೆ ಪಾಲಿಸಿ ಪುಸ್ತಕ ಹಿಡಿದೆ. ಯಾವುದಕ್ಕೆ ದುಡ್ಡು ಕೊಡುವುದಿಲ್ಲ ಅನ್ನುವ ಪಟ್ಟಿಯಲ್ಲಿ 6ನೇ ಕೋಡ್ ಬೊಜ್ಜಿನದು. ಇದು ಒಂದು ಕಂಪನಿಯದಲ್ಲ, ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ 2019ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಥರ ಬರೆದುಕೊಟ್ಟ ಮಾತು. ತೂಕ ಇಳಿಸುವ ಆಪರೇಷನ್ನಿಗೆ ದುಡ್ಡು ಬರಬೇಕಾದರೆ ಡಾಕ್ಟರ್ ಸಲಹೆ ಇರಬೇಕು, ಆಪರೇಷನ್ ವೈದ್ಯಕೀಯ ಕ್ರಮಕ್ಕೆ ಒಪ್ಪುವಂತಿರಬೇಕು, 18 ವರ್ಷ ಆಗಿರಬೇಕು. ಎತ್ತರಕ್ಕೆ ತೂಕ ಎಷ್ಟು ಜಾಸ್ತಿ ಅಂತ ಹೇಳುವ ಬಿಎಂಐ 40 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಇಲ್ಲವೇ 35 ಮುಟ್ಟಿದ್ದು, ಜೊತೆಗೆ ಬೊಜ್ಜಿನಿಂದ ಹೃದಯದ ಸ್ನಾಯುವಿಗೆ ತೊಂದರೆ, ಹೃದಯದ ರಕ್ತನಾಳದ ಕಾಯಿಲೆ, ನಿದ್ದೆಯಲ್ಲಿ ಉಸಿರು ನಿಲ್ಲುವ ತೀವ್ರವಾದ ಸ್ಲೀಪ್ ಆಪ್ನಿಯಾ, ಹತೋಟಿಗೆ ಬಾರದ ಟೈಪ್ 2 ಡಯಾಬಿಟೀಸ್, ಈ ನಾಲ್ಕರಲ್ಲಿ ಒಂದಾದರೂ ಇರಬೇಕು. ಅದೂ ಬೇರೆ ದಾರಿಯಲ್ಲಿ ತೂಕ ಇಳಿಸಲು ನೋಡಿ ಆಗದೇ ಹೋಗಿರಬೇಕು.

ಅಕ್ಕನ ಬಿಎಂಐ ಲೆಕ್ಕ ಹಾಕಿದೆ, 37.8. ನಲವತ್ತಿಲ್ಲ. ಅಂದರೆ ನಮ್ಮ ಕ್ಲೈಮ್ ನಿಲ್ಲುವುದು ಅವಳ ಸಕ್ಕರೆ ಮತ್ತು ನಿದ್ದೆಯ ಪರೀಕ್ಷೆಯಾದ ಸ್ಲೀಪ್ ಸ್ಟಡಿಯ ರಿಪೋರ್ಟಿನ ಮೇಲೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಸರ್ಜರಿ ಮಾಡುವ ವೈದ್ಯರ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಸಂಘಟನೆಗಳು 2022ರಲ್ಲಿ ಏಷ್ಯಾದವರಿಗೆ ಬಿಎಂಐ 27.5 ದಾಟಿದರೂ ಈ ಚಿಕಿತ್ಸೆ ಕೊಡಬಹುದು ಅಂತ ಹೇಳಿವೆ, ಯಾಕಂದರೆ ನಮ್ಮ ಮೈಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಹತ್ತುತ್ತದೆ. ಪಾಲಿಸಿಯ ಗೆರೆ ಮಾತ್ರ 35, 40ರಲ್ಲೇ ಇದೆ. ಡಾಕ್ಟರ್ "ನಿಮಗೆ ಬೇಕು" ಅಂದರೂ ಕಂಪನಿ "ನಿಮಗಿಲ್ಲ" ಅನ್ನಬಹುದು. 33 ಬಿಎಂಐ ಇರುವವರಿಗೆ ಪೂರ್ತಿ ಬಿಲ್ಲು ಸ್ವಂತ ಕೈಯದೇ. ಇದು ನನಗೆ ತುಂಬಾ ಅನ್ಯಾಯ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಅಕ್ಕ ಕೇಳಿದಳು, "ಆಪರೇಷನ್ನಿಗೆ ಮುಂಚೆ ಎರಡು ವಾರ ಪಥ್ಯ ಮಾಡ್ಬೇಕಂತೆ. ಅದರಲ್ಲಿ ತೂಕ ಇಳಿದುಬಿಟ್ಟರೆ ದುಡ್ಡು ಕೊಡಲ್ವಾ?" ಒಳ್ಳೆಯ ಪ್ರಶ್ನೆ. ಅವಳ ಎತ್ತರಕ್ಕೆ 35 ಅಂದರೆ ಸುಮಾರು 85 ಕೆಜಿ. ಎರಡು ವಾರದಲ್ಲಿ ಅಷ್ಟು ಇಳಿಯುವುದು ಕಷ್ಟ, ಆದರೂ ಸಲಹೆ ಕೊಟ್ಟ ದಿನದ ಎತ್ತರ, ತೂಕ ಎರಡನ್ನೂ ಸರ್ಜನ್ ಕೈಯಲ್ಲಿ ಬರೆಸಿಕೊಳ್ಳಬೇಕು ಅಂತ ಹಾಳೆಯ ಮೂಲೆಯಲ್ಲಿ ಗುರುತು ಹಾಕಿದೆ.

ಪಾಲಿಸಿ ತೆಗೆದುಕೊಂಡ ಮೇಲೆ ಕೆಲವು ಕಾಯಿಲೆಗೆ ದುಡ್ಡು ಸಿಗದ ಕಾಲಕ್ಕೆ ವೇಟಿಂಗ್ ಪೀರಿಯಡ್ ಅನ್ನುತ್ತಾರೆ, ಅದನ್ನು ನೋಡುವುದು ಬೇಗ ಮುಗಿಯಿತು. ಪಾಲಿಸಿ 2019ರಿಂದ ಬಿಡದೆ ನಡೆದಿದೆ, ಸಕ್ಕರೆ ಇರುವುದನ್ನು ಮೊದಲೇ ತಿಳಿಸಿದ್ದಾರೆ. ವಿಮೆಯ ಮೊತ್ತ ವರ್ಷಕ್ಕೆ 5 ಲಕ್ಷ, ಮೂವರಿಗೂ ಸೇರಿ. ಭಾವನಿಗೆ ಆ ಮಳೆಗಾಲದಲ್ಲೇ ಡೆಂಗಿ ಆಗಿ 62,000 ಹೋಗಿತ್ತು, ಉಳಿದದ್ದು 4,38,000. ಈ ಉಳಿಕೆ ನೋಡುವುದನ್ನು ಎಷ್ಟೋ ಜನ ಮರೆಯುತ್ತಾರೆ. ಈ ಆಪರೇಷನ್ನಿಗೆ ಅಂತಲೇ ಬೇರೆ ಮಿತಿ ಇದೆಯಾ ಅಂತಲೂ ಹುಡುಕಿದೆ. ಅಕ್ಕನದರಲ್ಲಿ ಇರಲಿಲ್ಲ. ಮನೆಗೆ ಬಂದ ಮೇಲೆ ನನ್ನ ಆಫೀಸಿನ ಗ್ರೂಪ್ ಪಾಲಿಸಿ ತೆಗೆದು ನೋಡಿದೆ, ಅದರಲ್ಲಿತ್ತು.

ಈಗ ಎಸ್ಟಿಮೇಟ್. ಸಿಂಗಲ್ ರೂಮಿನಲ್ಲಿ ಮೂರು ರಾತ್ರಿ, ಒಟ್ಟು 3,80,000. ಬರೀ ಒಟ್ಟು ಮೊತ್ತದಿಂದ ಏನೂ ಗೊತ್ತಾಗಲ್ಲ ಅಂತ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿಗೆ ಫೋನ್ ಮಾಡಿ ಬಿಡಿಬಿಡಿಯಾಗಿ ಕೇಳಿದೆ. ಆ ಹುಡುಗಿ ತಾಳ್ಮೆಯಿಂದ ಓದಿ ಹೇಳಿದರು, ನಾನು ಬರೆದುಕೊಂಡೆ. ರೂಮು ದಿನಕ್ಕೆ 8,000ದಂತೆ 24,000. ಸರ್ಜನ್, ಅರಿವಳಿಕೆ, ಆಪರೇಷನ್ ಥಿಯೇಟರ್, ನರ್ಸಿಂಗ್ ಸೇರಿ 1,76,000. ಸ್ಟೇಪ್ಲರ್, ಔಷಧಿ 1,50,000. ಪರೀಕ್ಷೆಗಳು 14,000. ಗ್ಲೌಸ್, ಕಿಟ್ಟು ಅಂತ ವಿಮೆ ಕೊಡದ ಸಾಮಾನು 16,000.

ಪಾಲಿಸಿಯಲ್ಲಿ ರೂಮ್ ರೆಂಟಿನ ಮಿತಿ ವಿಮೆಯ ಮೊತ್ತದ ಶೇ. 1, ಅಂದರೆ ದಿನಕ್ಕೆ 5,000. ಭಾವ ತಕ್ಷಣ ಅಂದರು, "ದಿನಕ್ಕೆ 3,000 ನಾವು ಹಾಕಿದರಾಯಿತು, ಮೂರು ದಿನಕ್ಕೆ 9,000. ಹೋಗಲಿ ಬಿಡು."

ಅಲ್ಲೇ ಎಲ್ಲರೂ ಎಡವುವುದು. ನಾನೂ ಹಾಗೇ ಅಂದುಕೊಂಡಿದ್ದೆ, ಪುಸ್ತಕದ ಆ ಪುಟವನ್ನು ಮೂರು ಸಲ ಓದಿದ ಮೇಲೆ ಅರ್ಥವಾಯಿತು. ಮಿತಿ ಮೀರಿದ ರೂಮು ತೆಗೆದುಕೊಂಡರೆ, ರೂಮಿಗೆ ತಕ್ಕಂತೆ ರೇಟು ಬದಲಾಗುವ ಬಾಕಿ ಖರ್ಚನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತಾರೆ. 8,000ಕ್ಕೆ 5,000 ಅಂದರೆ ಎಂಟರಲ್ಲಿ ಐದು ಪಾಲು. ಸರ್ಜನ್, ಥಿಯೇಟರ್ ಖರ್ಚು 1,76,000ಕ್ಕೆ ಅವರು ಕೊಡುವುದು 1,10,000, ನಮ್ಮ ಮೇಲೆ ಬೀಳುವುದು 66,000. ಔಷಧಿ, ಸ್ಟೇಪ್ಲರಿನಂಥ ಸಾಮಾನು, ಪರೀಕ್ಷೆ ಇವುಗಳಿಗೆ ಈ ಕತ್ತರಿ ಹಾಕುವ ಹಾಗಿಲ್ಲ, ಅಷ್ಟು ಪುಣ್ಯ. 5,000 ದಾಟಿದ ರೂಮಿಗೆ ಶೇ. 5 ಜಿಎಸ್‌ಟಿ ಬೇರೆ, 1,200. ಎಲ್ಲ ಕೂಡಿಸಿದರೆ ಸಿಂಗಲ್ ರೂಮಿನಲ್ಲಿ ನಮ್ಮ ಕೈಯಿಂದ 92,200.

ಮತ್ತೆ ಡೆಸ್ಕಿಗೆ ಫೋನ್ ಮಾಡಿದೆ. ಇಬ್ಬರಿರುವ ರೂಮು ದಿನಕ್ಕೆ 4,500. ಸರ್ಜನ್, ಥಿಯೇಟರ್ ಖರ್ಚೂ 1,52,000ಕ್ಕೆ ಇಳಿಯುತ್ತದೆ. ಮಿತಿಯೊಳಗೆ ಇರುವುದರಿಂದ ಕತ್ತರಿ ಇಲ್ಲ. ಆಸ್ಪತ್ರೆಯಲ್ಲಿ ನಮ್ಮದು ಆ 16,000 ಮಾತ್ರ. 76,200 ರೂಪಾಯಿ ವ್ಯತ್ಯಾಸ, ಬರೀ ಮೂರು ರಾತ್ರಿಯ ರೂಮಿನಿಂದ.

ಭಾವನ ಮುಖ ಅರಳಿತು. ಅಕ್ಕ ಮಾತ್ರ ಸುಮ್ಮನಾದಳು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಹೇಳಿದಳು, "ನನ್ನ ಗೊರಕೆಗೆ ಪಕ್ಕದವರು ಹೇಗೋ ಮಲಗ್ತಾರೆ? ಅವರೂ ಆಪರೇಷನ್ ಆದವರೇ ಅಲ್ವಾ. ಅದಕ್ಕೇ ಕಣೋ ನಾನು ಒಬ್ಬಳೇ ಇರೋ ರೂಮು ಕೇಳಿದ್ದು."

ನನಗೆ ಗಂಟಲು ಕಟ್ಟಿತು. ಮದುವೆ ಮನೆಗಳಲ್ಲಿ ಅವಳು ಎಲ್ಲರ ಜೊತೆ ಮಲಗದೆ ರಾತ್ರಿಯೇ ವಾಪಸ್ ಹೊರಡುತ್ತಿದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು. ಇಷ್ಟು ವರ್ಷ ನಾನು ಒಮ್ಮೆಯೂ ಕೇಳಿರಲಿಲ್ಲ. ಅಕ್ಕನಿಗೆ ಬೇಕಾದರೆ ಆ 76,000 ನಾನೇ ಕೊಡುತ್ತೇನೆ ಅಂದೆ. ಅಷ್ಟರಲ್ಲಿ ಒಳಗಿನಿಂದ ಅವಳ ಮಗಳು ಬಂದು, "ಅಮ್ಮ, ಆ ಮೆಷಿನ್ ಹಾಕಿಕೊಂಡ ರಾತ್ರಿ ನಿನ್ನ ಗೊರಕೆ ಕೇಳಿಸೋದೇ ಇಲ್ಲ, ನಿನಗೆ ಯಾರೂ ಹೇಳಿಲ್ವಾ?" ಅಂದಳು. ಉಸಿರಿಗೆ ಗಾಳಿ ಒತ್ತುವ ಸಿಪ್ಯಾಪ್ ಮೆಷಿನ್ ಅದು. ಡಾಕ್ಟರ್ ಹೇಳಿದ ಮೇಲೆ ಬಾಡಿಗೆಗೆ ತಂದು ಹತ್ತು ದಿನವಾಗಿತ್ತು. ಅಕ್ಕನಿಗೆ ನಂಬಿಕೆ ಬರಲಿಲ್ಲ, ಮಗಳು ಫೋನಿನಲ್ಲಿ ಹಿಡಿದಿಟ್ಟಿದ್ದ ಹಿಂದಿನ ರಾತ್ರಿಯ ಸದ್ದು ಕೇಳಿಸಿದಳು. ಗಾಳಿಯ ಸಣ್ಣ ಶಬ್ದ ಬಿಟ್ಟರೆ ಏನೂ ಇರಲಿಲ್ಲ. "ಸರಿ, ಇಬ್ಬರಿರೋ ರೂಮೇ ಇರಲಿ. ಮೆಷಿನ್ ತಗೊಂಡು ಹೋಗೋಣ" ಅಂದಳು ಅಕ್ಕ.

ಮಧ್ಯಾಹ್ನ ಊಟವಾದ ಮೇಲೆ ಆಸ್ಪತ್ರೆಯ ಹೊರಗಿನ ಖರ್ಚು ಹಿಡಿದೆವು. ಅಕ್ಕನ ಪಾಲಿಸಿ ಅಡ್ಮಿಟ್ ಆಗುವ ಮುಂಚಿನ 60 ದಿನ ಮತ್ತು ಆಮೇಲಿನ 90 ದಿನದ ಖರ್ಚು ಕೊಡುತ್ತದೆ. ಸ್ಲೀಪ್ ಸ್ಟಡಿ ಮಾಡಿಸಿ ಆಗಲೇ ನಾಲ್ಕು ತಿಂಗಳಾಗಿತ್ತು. ರಿಪೋರ್ಟ್ ಉಪಯೋಗಕ್ಕೆ ಬರುತ್ತದೆ, ಅದಕ್ಕೆ ಕೊಟ್ಟ 9,000 ಬರುವುದಿಲ್ಲ. ಎಂಡೋಸ್ಕೋಪಿ, ಎಕೋ ಇನ್ನೂ ಮಾಡಿಸಿರಲಿಲ್ಲ, ಡೇಟ್ ಹಿಡಿದ ಮೇಲೆಯೇ ಮಾಡಿಸೋಣ ಅಂದೆ. ಮೆಷಿನ್ ಬಾಡಿಗೆ ಮೂರು ತಿಂಗಳಿಗೆ 12,000, ಪ್ರೋಟೀನ್ ಪುಡಿಗೆ 12,000, ಮೊದಲ ಭೇಟಿಗಳಿಗೂ ಡಯಟಿಷಿಯನ್‌ಗೂ 5,000, ಓಡಾಟಕ್ಕೆ 4,000. ವಿಟಮಿನ್ ಮಾತ್ರೆ ಅಂಗಡಿಯಲ್ಲಿ ಸುಮ್ನೆ ಕೊಂಡರೆ ಬರುವುದಿಲ್ಲ, ಈ ಆಪರೇಷನ್ನಿನ ಚಿಕಿತ್ಸೆಯ ಭಾಗವಾಗಿ ಡಾಕ್ಟರ್ ಚೀಟಿಯಲ್ಲಿ ಬರೆದಿದ್ದರೆ ಕೇಳಬಹುದು. ಆಸ್ಪತ್ರೆಯ 16,000 ಸೇರಿಸಿ ಹಾಳೆಯ ಕೆಳಗೆ 58,000 ಅಂತ ಬರೆದೆ. ಪಕ್ಕದಲ್ಲಿ ಇನ್ನೊಂದು ಅಂಕಿ, ಡೆಪಾಸಿಟ್ 50,000. ಅದು ಖರ್ಚಲ್ಲ, ವಾಪಸ್ ಬರುತ್ತದೆ, ಆದರೆ ಅಡ್ಮಿಟ್ ಆಗುವ ದಿನ ಕೈಯಲ್ಲಿ ಇರಲೇಬೇಕು. ಸಂಜೆ ಅಕ್ಕ ಸರ್ಜನ್‌ಗೆ ಫೋನ್ ಮಾಡಿ ಡೇಟ್ ಕೊಟ್ಟಳು.

ಕಂಪನಿಯೇ ಆಸ್ಪತ್ರೆಗೆ ನೇರವಾಗಿ ದುಡ್ಡು ಕಟ್ಟುವ ಕ್ಯಾಶ್‌ಲೆಸ್ ಅರ್ಜಿ ಹಾಕಿದಾಗ ಕಂಪನಿಯವರು ಒಂದು ಪ್ರಶ್ನೆ ಕಳಿಸಿದರು. ಬೇರೆ ದಾರಿಯಲ್ಲಿ ತೂಕ ಇಳಿಸಲು ನೋಡಿದ್ದಕ್ಕೆ ಪುರಾವೆ ಏನು? ಆಗ ಕೆಲಸಕ್ಕೆ ಬಂದದ್ದು ಆ ಪ್ಲಾಸ್ಟಿಕ್ ಕವರ್. 2021ರ ಜಿಮ್ ರಸೀದಿ, 2022ರ ಡಯಟ್ ಚಾರ್ಟು, ಪ್ರತಿ ಸಲವೂ ತೂಕ ಬರೆದಿದ್ದ ಶುಗರ್ ಡಾಕ್ಟರ ಚೀಟಿಗಳು, ಎಲ್ಲದರ ಫೋಟೋ ಹೊಡೆದು ಕಳಿಸಿದೆವು. ಮೊದಲು 2 ಲಕ್ಷಕ್ಕೆ ಮಾತ್ರ ಒಪ್ಪಿಗೆ ಬಂದಾಗ ಭಾವ ಗಾಬರಿಯಾದರು. ಅದು ಮೊದಲ ಕಂತಿನ ಒಪ್ಪಿಗೆ, ಉಳಿದದ್ದು ಡಿಸ್ಚಾರ್ಜ್ ದಿನ ಅಂತ ಡೆಸ್ಕಿನವರು ವಿವರಿಸಿದರು, ಹಾಗೇ ಆಯಿತು. ನನ್ನ ಲೆಕ್ಕ ತಪ್ಪಿದ್ದು ಗ್ಲೌಸು, ಕಿಟ್ಟಿನ ಸಾಲಿನಲ್ಲಿ. 16,000 ಅಂದಿದ್ದು 21,300 ಆಯಿತು. ಒಟ್ಟು 63,300. ಕಾಲೇಜು ಫೀಸಿನ ದುಡ್ಡು ಮುಟ್ಟಲಿಲ್ಲ.

ಆ ಹಾಳೆ ಅಕ್ಕನ ಫೈಲಿನಲ್ಲಿ ಈಗಲೂ ಇದೆ. 90 ದಿನ ಮುಗಿದ ಮೇಲೆ ಅವಳೇ ಕೆಳಗೆ ಬರೆಯುತ್ತಾ ಹೋಗಿದ್ದಾಳೆ. ಬಿ 12, ಕಬ್ಬಿಣ, ಕ್ಯಾಲ್ಸಿಯಂ, ವರ್ಷಕ್ಕೊಮ್ಮೆ ರಕ್ತಪರೀಕ್ಷೆ. ಇವೆಲ್ಲ ಕೊನೆಯವರೆಗೂ ಇರುವ ಖರ್ಚು, ಇದಕ್ಕೆ ಪಾಲಿಸಿಯಲ್ಲಿ ಜಾಗವಿಲ್ಲ. ಅದರ ಎದುರಿಗೆ ಇನ್ನೊಂದು ಕಾಲಂ ಎಳೆದು, ನಿಂತುಹೋದ ಇನ್ಸುಲಿನ್ನಿನ ತಿಂಗಳ ಖರ್ಚು ಬರೆದಿದ್ದಾಳೆ.