124 ಸೆಲ್‌ಗಳ ಮೇಲೆ ಮಲಗುತ್ತಿದ್ದವರು

ಸಬ್‌ಸ್ಟೇಷನ್‌ನಲ್ಲಿ ದುಡಿದು ರಿಟೈರ್ ಆದವನು ನಾನು. ಹ್ಯಾಂಬರ್ಗ್‌ನಲ್ಲಿರುವ ಮಗಳ ಮನೆಯಲ್ಲಿದ್ದಾಗ ಅಳಿಯ ಕೇಳಿದ, "ಮಾವ, ಕೀಲ್ ಕಡೆ ಹೋಗೋಣ್ವಾ? ಯುದ್ಧದ ಕಾಲದ ಸಬ್‌ಮರೀನ್ ಇದೆ, ಒಳಗೆ ಬಿಡ್ತಾರೆ." ಬೇಡ ಅನ್ನೋದಕ್ಕೆ ಕಾರಣವೇ ಇರಲಿಲ್ಲ.

ಕೀಲ್‌ವರೆಗೆ ರೈಲು, ಅಲ್ಲಿಂದ ಲಾಬೋ ಊರಿಗೆ ಫೆರಿ. ದಾರಿಯಲ್ಲಿ ದೊಡ್ಡ ದೊಡ್ಡ ಕ್ರೇನ್‌ಗಳ ಹಡಗುಕಟ್ಟೆ ಕಾಣುತ್ತದೆ. ನಮ್ಮ ನೌಕಾಪಡೆಯ ಸಬ್‌ಮರೀನ್ ಐಎನ್‌ಎಸ್ ಶಿಶುಮಾರ್ 1980ರ ದಶಕದಲ್ಲಿ ತಯಾರಾಗಿದ್ದು ಕೀಲ್‌ನಲ್ಲೇ. 1943ರ ಫೆಬ್ರವರಿಯಲ್ಲಿ ಸುಭಾಷ್ ಚಂದ್ರ ಬೋಸ್ ಜರ್ಮನ್ ಸಬ್‌ಮರೀನ್ ಯು-180 ಹತ್ತಿದ್ದೂ ಇಲ್ಲಿಂದಲೇ. ಏಪ್ರಿಲ್ ಕೊನೆಗೆ ಮಡಗಾಸ್ಕರ್ ಹತ್ತಿರದ ಸಮುದ್ರದಲ್ಲಿ ಅವರೂ ಜೊತೆಗಾರ ಅಬಿದ್ ಹಸನ್‌ರೂ ಜಪಾನಿನ ಸಬ್‌ಮರೀನ್ ಐ-29ಕ್ಕೆ ದಾಟಿಕೊಂಡರು. ಶಾಲೆಯಲ್ಲಿ ಇದೆಲ್ಲ ಒಂದೇ ಸಾಲಿನಲ್ಲಿ ಮುಗಿದುಹೋಗಿತ್ತು.

ಲಾಬೋದಲ್ಲಿ ಯು-995 ಮರಳ ದಡದ ಮೇಲೇ ನಿಂತಿದೆ. ಹ್ಯಾಂಬರ್ಗ್‌ನ ಬ್ಲೋಮ್ ಉಂಟ್ ಫಾಸ್ ಕಾರ್ಖಾನೆಯಲ್ಲಿ ಕಟ್ಟಿದ್ದು, 1943ರಲ್ಲಿ ಸೇವೆಗೆ ಸೇರಿತು. ಯುದ್ಧ ಮುಗಿದಾಗ ನಾರ್ವೆಯಲ್ಲಿತ್ತು. ನಾರ್ವೆಯವರು ಕೆಲವು ವರ್ಷ ಬಳಸಿ, ಆಮೇಲೆ ಒಂದೇ ಒಂದು ಮಾರ್ಕ್‌ಗೆ ಜರ್ಮನಿಗೆ ವಾಪಸ್ ಕೊಟ್ಟರಂತೆ. 1970ರ ದಶಕದ ಆರಂಭದಿಂದ ಇದು ಮ್ಯೂಸಿಯಂ. ಇದೇ ಮಾದರಿ, ಅಂದರೆ ಟೈಪ್ 7, ಒಟ್ಟು 700ಕ್ಕೂ ಹೆಚ್ಚು ತಯಾರಾಗಿದ್ದವು.

ಹೊರಗಿನಿಂದ ನೋಡಿದರೆ 67 ಮೀಟರ್ ಉದ್ದ. ಆದರೆ ಜನ ಇರುವ ಗಟ್ಟಿ ಉಕ್ಕಿನ ಕೊಳವೆ ಸುಮಾರು 50 ಮೀಟರ್ ಅಷ್ಟೇ, ಅಗಲ ಐದು ಮೀಟರೂ ಇಲ್ಲ. ಅದರಲ್ಲಿ 45-50 ಜನ! ಎರಡು ಡೀಸೆಲ್ ಎಂಜಿನ್‌ಗಳ ನಡುವಿನ ಓಣಿಯಲ್ಲಿ ನಾನು ಭುಜ ಓರೆ ಮಾಡಿಕೊಂಡು ನಡೆದೆ. ಅದು ದಾಟಿದರೆ ಅಡುಗೆಮನೆ. ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲ. ಪಾಯಿಖಾನೆ ಎರಡು, ಅದರಲ್ಲೂ ಒಂದಕ್ಕೆ ಹೊರಡುವಾಗ ದಿನಸಿ ತುಂಬುತ್ತಿದ್ದರಂತೆ. ಮುಂಭಾಗದ ಕೋಣೆಯಲ್ಲಿ ನಾಲ್ಕು ಟಾರ್ಪೆಡೋ ಕೊಳವೆಗಳು, ಅವುಗಳ ಹಿಂದೆಯೇ ಮಂಚಗಳು. ಒಬ್ಬ ಎದ್ದು ಪಾಳಿಗೆ ಹೋದರೆ ಇನ್ನೊಬ್ಬ ಅದೇ ಬಿಸಿ ಹಾಸಿಗೆಗೆ.

ನನ್ನ ಗಮನ ಮಾತ್ರ ನೆಲದ ಮೇಲೇ ಇತ್ತು. ಮುಳುಗಿದಾಗ ದೋಣಿ ಓಡಿಸುವ ಬ್ಯಾಟರಿ ಇರುವುದು ಅಲ್ಲಿ, ಮಂಚಗಳ ಕೆಳಗೆ. 62 ಸೆಲ್‌ಗಳ ಎರಡು ಗುಂಪು, ಒಟ್ಟು 124 ಲೆಡ್-ಆಸಿಡ್ ಸೆಲ್. ನಮ್ಮ ಸಬ್‌ಸ್ಟೇಷನ್‌ನಲ್ಲಿ 110 ವೋಲ್ಟ್‌ಗೆ 55 ಸೆಲ್ ಇರುತ್ತಿತ್ತು. ಅದಕ್ಕೇ ಬೇರೆ ರೂಮು, ಎಗ್ಸಾಸ್ಟ್ ಫ್ಯಾನು. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತೆ ಅಂತ ಅಲ್ಲಿ ಬೀಡಿ ಹಚ್ಚಿದವನಿಗೆ ಬೈಗುಳ ಗ್ಯಾರಂಟಿ. ಇವರು ಅದರ ಮೇಲೇ ಹಾಸಿಗೆ ಹಾಸಿದ್ದಾರೆ! ಸಾಲದ್ದಕ್ಕೆ ಸಮುದ್ರದ ನೀರು ಬೇರೆ. ಸೆಲ್ ಒಡೆದು ಉಪ್ಪುನೀರು ಆಸಿಡ್‌ಗೆ ಸೇರಿದರೆ ಕ್ಲೋರಿನ್ ವಿಷಗಾಳಿ. ಓಡಿಹೋಗೋಣವೆಂದರೆ ಎಲ್ಲಿಗೆ?

"ಇಷ್ಟು ಬ್ಯಾಟರಿಗೆ ಎಷ್ಟು ಓಡುತ್ತೆ ಮಾವ?" ಅಂದ ಅಳಿಯ. ಗಂಟೆಗೆ ನಾಲ್ಕು ನಾಟಿಕಲ್ ಮೈಲಿಯಂತೆ ತೆವಳಿಕೊಂಡು ಹೋದರೆ 80 ಮೈಲಿ. 20 ಗಂಟೆ ಆದ ಮೇಲೆ ಮೇಲೆ ಬಂದು ಡೀಸೆಲ್ ಹಚ್ಚಿ ಚಾರ್ಜ್ ಮಾಡಲೇಬೇಕು. ನೀರಿನ ಮೇಲಾದರೆ 17 ಮೈಲಿ ವೇಗ. ನಿಜ ಹೇಳಬೇಕೆಂದರೆ ಇದು ಬೇಕಾದಾಗ ಸ್ವಲ್ಪ ಹೊತ್ತು ಮುಳುಗಬಲ್ಲ ಹಡಗು, ಅಷ್ಟೇ. ವಿಮಾನಗಳಿಗೆ ಒಳ್ಳೆ ರೇಡಾರ್ ಬರುವವರೆಗೆ ಅದು ನಡೆಯಿತು. ರಾತ್ರಿ ಕತ್ತಲಲ್ಲೂ ಸಿಕ್ಕಿಬೀಳತೊಡಗಿದ ಮೇಲೆ ಕಥೆ ಬದಲಾಯಿತು. 1943ರ ಮೇ ತಿಂಗಳೊಂದರಲ್ಲೇ 40ಕ್ಕೂ ಹೆಚ್ಚು ಜರ್ಮನ್ ಸಬ್‌ಮರೀನ್‌ಗಳು ನಾಶವಾದವು. ಯುದ್ಧ ಮುಗಿಯುವ ಹೊತ್ತಿಗೆ, ಇವುಗಳಲ್ಲಿ ಹೋದ ಸುಮಾರು 40,000 ಜನರಲ್ಲಿ 30,000ದಷ್ಟು ಮಂದಿ ವಾಪಸ್ ಬರಲಿಲ್ಲ.

ಅಯ್ಯೋ ಪಾಪ ಅನ್ನಿಸಿದ್ದು ನಿಜ. ಆದರೆ ಇವರು ಹೊರಟಿದ್ದು ಹಿಟ್ಲರನ ಯುದ್ಧಕ್ಕೆ, ಸರಕು ಹಡಗುಗಳನ್ನು ಮುಳುಗಿಸಲಿಕ್ಕೆ. ಆ ಹಡಗುಗಳ ಎಂಜಿನ್ ರೂಮಿನಲ್ಲಿ ಕಲ್ಲಿದ್ದಲು ಸುರಿಯುತ್ತಿದ್ದವರಲ್ಲಿ ನಮ್ಮ ದೇಶದ ಖಲಾಸಿಗಳೂ ಸಾವಿರಗಟ್ಟಲೆ ಇದ್ದರು. ಟಾರ್ಪೆಡೋ ಬಡಿದಾಗ ಮೇಲೆ ಓಡಿಬರಲು ಅವರಿಗೆ ಎಷ್ಟು ಸಮಯ ಸಿಗುತ್ತಿತ್ತು?

ಹೊರಗೆ ಬಂದು ಕಾಫಿ ಕುಡಿಯುವಾಗ ಅಳಿಯ ಇನ್ನೊಂದು ವಿಷಯ ತೆಗೆದ. ಕೊನೆಗೆ ಜರ್ಮನರು ಟೈಪ್ 21 ಎಂಬ ಹೊಸ ಮಾದರಿ ಮಾಡಿದರು. ಅದರಲ್ಲಿ ಸೆಲ್ 372, ಅಂದರೆ ಸರಿಯಾಗಿ ಮೂರು ಪಟ್ಟು. ಮೈ ನುಣುಪು, ನೀರಿನೊಳಗೇ 17 ಮೈಲಿ ವೇಗ. ಬೇರೆ ಬೇರೆ ಕಡೆ ತುಂಡು ತುಂಡಾಗಿ ಕಟ್ಟಿಸಿ ತಂದು ಜೋಡಿಸಿದರೆ ತುಂಡುಗಳೇ ಸರಿಯಾಗಿ ಕೂರುತ್ತಿರಲಿಲ್ಲವಂತೆ. 118 ಸೇವೆಗೆ ಸೇರಿದರೂ ಯುದ್ಧಕ್ಕೆಂದು ಹೊರಟದ್ದು ಎರಡೇ. ಯುದ್ಧ ಮುಗಿದ ಮೇಲೆ ಅಮೆರಿಕ, ರಷ್ಯಾ ಎಲ್ಲರೂ ಅದನ್ನೇ ನೋಡಿ ಕಲಿತರು. ಅಂಥದ್ದೊಂದು, ಯು-2540, ಬ್ರೆಮರ್‌ಹಾಫನ್‌ನಲ್ಲಿದೆ. ಅದರ ಸಿಬ್ಬಂದಿಯೇ 1945ರಲ್ಲಿ ಮುಳುಗಿಸಿದ್ದನ್ನು 1957ರಲ್ಲಿ ಮೇಲೆತ್ತಿದ್ದರು.

"ಅದನ್ನೂ ನೋಡ್ತೀರಾ?" ಅಂದ. "ಅಪ್ಪನಿಗೆ ಮಂಡಿ ನೋವು, ಸುಮ್ನಿರು" ಅಂದಳು ಮಗಳು. ಮಂಡಿ ಹಾಗಿರಲಿ, ಅಲ್ಲಿ ಬ್ಯಾಟರಿ ತೋರಿಸ್ತಾರಾ ಅಂತ ಮೊದಲು ವಿಚಾರಿಸು ಅಂದೆ.